ಆಷಾಢದ ಅಡ್ಮಿಷನ್ನು

ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ದಿನ ನೀವು ಮೊದಲು ಏನು ನೋಡುತ್ತೀರೋ ಗೊತ್ತಿಲ್ಲ. ನನ್ನ ಗಂಡ ಭಾನುವಾರಕ್ಕೆ ಅಂಟಿಕೊಂಡು ಬರುವ ರಜೆಗಳನ್ನು ಹುಡುಕುತ್ತಾರೆ. ಮಗಳು ತನ್ನ ಹುಟ್ಟುಹಬ್ಬ ಯಾವ ವಾರ ಬಿತ್ತು ಎಂದು ನೋಡಿಕೊಂಡು ಕ್ಯಾಲೆಂಡರನ್ನೇ ಮರೆತುಬಿಡುತ್ತಾಳೆ. ನಾನು ಮಾತ್ರ ಜನವರಿ, ಫೆಬ್ರವರಿಗಳನ್ನೆಲ್ಲ ಹಾರಿಸಿ ಸೀದಾ ಜೂನ್ ಹಾಳೆಗೆ ಹೋಗಿ, ಆಷಾಢ ಯಾವತ್ತು ಶುರು ಎಂದು ನೋಡುತ್ತೇನೆ. ಮೊನ್ನೆಯೂ ಹಾಗೇ ನೋಡಿದೆ. ಈಗ ಅದರ ಅಗತ್ಯವೇನೂ ಇಲ್ಲ. ಆದರೂ ಕೈ ತಾನಾಗಿಯೇ ಆ ಹಾಳೆಗೆ ಹೋಯಿತು, ನನಗೇ ನಗು ಬಂತು.

ಬೇರೆಯವರಿಗೆ ಆಷಾಢ ಎಂದರೆ ಬಟ್ಟೆ ಅಂಗಡಿಯ ರಿಯಾಯಿತಿ, ಗಾಳಿಪಟ, ಸಂಜೆ ಹೊತ್ತಿಗೆ ಕಣ್ಣಿಗೆ ಧೂಳು ಎರಚುವ ಗಾಳಿ. ನನಗೆ ಅದು ಕಾಲೇಜಿನ ಗೇಟಿಗೆ ಅಡ್ಡಲಾಗಿ ನಿಂತ ತಿಂಗಳು. ನಮ್ಮ ಕಡೆ ಆಷಾಢದಲ್ಲಿ ಯಾವ ಹೊಸ ಕೆಲಸವನ್ನೂ ಶುರು ಮಾಡುವುದಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಪೊರಕೆ ತರುವುದಕ್ಕೂ ನಮ್ಮ ಅತ್ತೆ ಎರಡು ಸಲ ಯೋಚಿಸುತ್ತಾರೆ. ಡಿಗ್ರಿ ಕಾಲೇಜಿನವರಿಗೋ ಬೇರೆ ತಿಂಗಳೇ ಸಿಗುವುದಿಲ್ಲ. ಅರ್ಜಿ ಕೊಡುವುದು, ಸೀಟು ಹಂಚುವುದು, ಬಾಗಿಲು ಮುಚ್ಚುವುದು ಎಲ್ಲವೂ ಆಷಾಢದಲ್ಲೇ. ಶ್ರಾವಣ ಬರುವ ಹೊತ್ತಿಗೆ ಅಲ್ಲಿ ಪಾಠ ಶುರುವಾಗಿರುತ್ತದೆ, ಇಲ್ಲಿ ನಾನು ಹಬ್ಬದ ಹೋಳಿಗೆಗೆ ಬೇಳೆ ಬೇಯಿಸುತ್ತಿರುತ್ತೇನೆ.

ಆಷಾಢಕ್ಕೂ ನನ್ನ ಓದಿಗೂ ಇರುವ ಹಗೆತನ ಹಳೆಯದು. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಅಪ್ಪನದು ಬಜಾರಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಒಂದನೇ ಕ್ಲಾಸಿಗೆ ಸೇರಿಸಬೇಕು ಎನ್ನುವಾಗ ನನಗೆ ಮೈತುಂಬ ಅಮ್ಮನ ಗುಳ್ಳೆ ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ತಲೆಗೆ ನೀರು ಹಾಕುವ ಹೊತ್ತಿಗೆ ಆಷಾಢ ಹುಟ್ಟಿತ್ತು. ಶ್ರಾವಣದಲ್ಲೇ ಸೇರಿಸಿದರಾಯಿತು ಎಂದು ಅಜ್ಜಿ ಅಪ್ಪಣೆ ಕೊಟ್ಟರು. ನಾನು ಸ್ಲೇಟು ಹಿಡಿದು ಹೋದಾಗ ಮಿಸ್ಸು ಸ್ವರಗಳನ್ನು ಮುಗಿಸಿ ಕ, ಖ, ಗ ಬರೆಸುತ್ತಿದ್ದರು. ಹಾಗಾಗಿ ನಾನು ಜೀವನದಲ್ಲಿ ಮೊದಲು ಕಲಿತ ಅಕ್ಷರ ಕ. ಅ ಆ ಇ ಈಗಳನ್ನು ಪಕ್ಕದ ಮನೆಯ ಕಲೈಸೆಲ್ವಿಯಿಂದ ಒಂದೊಂದು ಹುಣಸೆಹಣ್ಣಿನ ಉಂಡೆ ಲಂಚ ಕೊಟ್ಟು ಕಲಿತೆ. ಈಗಲೂ ನಿಘಂಟಿನಲ್ಲಿ ಏನಾದರೂ ಹುಡುಕಬೇಕಾದರೆ ನನ್ನ ಬೆರಳು ಮೊದಲು ಮಧ್ಯದ ಪುಟಗಳಿಗೇ ಹೋಗುತ್ತದೆ.

ಅದೇ ಕಲೈಸೆಲ್ವಿ, ಪಿಯುಸಿ ಮುಗಿದ ವರ್ಷ, ನಮ್ಮ ಮನೆಯ ಕಿಟಕಿಯ ಹತ್ತಿರ ನಿಂತು ಕರೆದಳು. "ಏ ಮಂಜು, ವಾ ಡೀ, ಡಿಗ್ರಿಗೆ ಅಪ್ಲಿಕೇಶನ್ ಹಾಕ್ಬಿಟ್ ಬರೋಣ." ಆಗ ನಾನು ಹೊಸ ಮದುಮಗಳು. ಆಷಾಢಕ್ಕೆ ಮುಂಚೆಯೇ ಮುಗಿಸಬೇಕೆಂದು ಗಡಿಬಿಡಿಯಲ್ಲಿ ಮದುವೆ ಮಾಡಿದ್ದರು. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದೆಂದು ತವರಿಗೆ ಕಳಿಸಿದ್ದರು. ಕಿಟಕಿಯ ಒಳಗೆ ನಾನು, ಕೈತುಂಬ ಹಸಿರು ಬಳೆ. ಹೊರಗೆ ಅವಳು, ಕೈಯಲ್ಲಿ ಅರ್ಜಿ. "ಆಷಾಢ ಕಳೀಲಿ, ಅವರ ಮನೇಲಿ ಒಂದ್ ಮಾತ್ ಕೇಳಿ ಆಮೇಲ್ ಹಾಕಿದ್ರಾಯ್ತು" ಎಂದರು ನಮ್ಮಮ್ಮ. ಶ್ರಾವಣ ಬಂತು, ನನ್ನನ್ನು ಕರೆದುಕೊಂಡು ಹೋಗಲು ಗಂಡನ ಮನೆಯವರೂ ಬಂದರು, ಸೀಟುಗಳು ಮುಗಿದಿದ್ದವು.

ಗಂಡನ ಮನೆ ಗರುಡಾಚಾರ್‌ಪಾಳ್ಯ. ಆಗ ಅಲ್ಲಿ ಇನ್ನೂ ಒಂದಿಷ್ಟು ರಾಗಿ ಹೊಲ ಉಳಿದಿತ್ತು. ನೋಡುನೋಡುತ್ತಿದ್ದ ಹಾಗೆ ಹೊಲ ಹೋಗಿ ಗಾಜಿನ ಆಫೀಸುಗಳು ಬಂದವು. ನಮ್ಮ ಪಾಲಿಗೆ ಉಳಿದ ಜಾಗದಲ್ಲಿ ಅತ್ತೆ ಮನೆಯ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ನಮ್ಮ ಅತ್ತೆಯ ಹೆಸರು ಮುನಿಯಮ್ಮ. ಒಂದು ಗೇಣು ಜಾಗದ ಬೇಲಿಗಾಗಿ ಪಕ್ಕದ ದಾಯಾದಿಗಳ ಜೊತೆ ಇಂದಿಗೂ ಮಾತು ಬಿಟ್ಟವರು. ಯಾರಾದರೂ ನಮ್ಮ ಬಿಲ್ಡಿಂಗಿನ ಕಡೆ ತಲೆ ಎತ್ತಿ ನೋಡಿದರೆ ಸಾಕು, ಕೇಳದಿದ್ದರೂ "ಕೆಳಗಿಂದ ಮೇಲ್ತಂಕ ನಮ್ದೇನೇ" ಎಂದು ತಿಳಿಸುತ್ತಾರೆ.

ನಾನು ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುತ್ತೇನೆ. ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಯಾರಿಗೆ ಯಾವತ್ತು ಹಲ್ಲು ಕೀಳಬೇಕು ಎಂದು ದಿನ ಗೊತ್ತು ಮಾಡುವುದು ನನ್ನ ಕೆಲಸ. ನೋವಿಗೆ ಹೆದರಿ ಮುಂದೂಡುವವರಿಗೆ "ಇನ್ನೂ ಬಿಟ್ರೆ ಜಾಸ್ತಿ ಆಗತ್ತೆ ಸರ್, ನಾಳೇನೇ ಬನ್ನಿ" ಎಂದು ಗಟ್ಟಿಯಾಗಿ ಹೇಳುತ್ತೇನೆ. ನನ್ನ ವಿಷಯದಲ್ಲಿ ಮಾತ್ರ ಆ ಗಟ್ಟಿತನ ಕೆಲಸಕ್ಕೆ ಬರಲಿಲ್ಲ. ಒಂದು ವರ್ಷ ಮಗಳ ಎಸ್ಸೆಸ್ಸೆಲ್ಸಿ, ಇನ್ನೊಂದು ವರ್ಷ ಮೇಲಿನ ಮನೆಯ ತಾರಸಿ, ಆಮೇಲೆ ಊರೇ ಬಾಗಿಲು ಹಾಕಿಕೊಂಡ ಆ ಕಾಯಿಲೆ. ಒಂದು ವರ್ಷವಂತೂ ಅಧಿಕ ಮಾಸ ಬಂದು ಆಷಾಢವೇ ಎರಡಾಯಿತು. ಅದನ್ನು ಕ್ಯಾಲೆಂಡರಿನಲ್ಲಿ ನೋಡಿ ನಾನು ಕ್ಲಿನಿಕ್ಕಿನಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ, ಹಲ್ಲು ನೋವಿನವರೆಲ್ಲ ತಿರುಗಿ ನೋಡಿದರು.

"ಡಿಗ್ರಿ ಆದ್ರೆ ಏನು, ನಿನ್ನನ್ನ ಡಾಕ್ಟರ್ ಮಾಡ್ಬಿಡ್ತಾರಾ?" ಎಂದು ನನ್ನ ಗಂಡ ರೇಗಿಸುತ್ತಿದ್ದರು. ಮಾಡುವುದಿಲ್ಲ. ಸಂಬಳವೂ ಏರುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಬೆಂಚು, ಎದುರಿಗೆ ಒಬ್ಬರು ಮೇಷ್ಟ್ರು, ಗೊತ್ತಿಲ್ಲದ ಯಾವುದೋ ಒಂದು ವಿಷಯ. ಆ ಆಸೆ ಎಷ್ಟು ಬಲವಾಗಿತ್ತೆಂದರೆ, ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಪರೀಕ್ಷೆಗೆ ಓದಿಕೊಳ್ಳುತ್ತಿದ್ದರೆ ಬಗ್ಗಿ ಅವರ ನೋಟ್ಸು ಓದುತ್ತಿದ್ದೆ. ಒಬ್ಬಳು ಪುಟ ತಿರುಗಿಸುವ ಮುಂಚೆ "ಆಯ್ತಾ ಆಂಟಿ?" ಎಂದು ಕೇಳಿದ್ದಳು.

ಅತ್ತೆ ಓದಿಗೆ ಎಂದೂ ವಿರೋಧಿಯಲ್ಲ, ಅದನ್ನು ಹೇಳಲೇಬೇಕು. ಮಗಳನ್ನು ಡಿಗ್ರಿಗೆ ಸೇರಿಸಿದ್ದೂ ಆಷಾಢದಲ್ಲೇ, ಅವರೇ ಮುಂದೆ ನಿಂತು ಕಳಿಸಿದರು. "ಅವಳಿಗಾದ್ರೆ ಆಷಾಢ ಇಲ್ವಾ ಅತ್ತೆ?" ಎಂದು ನಾನು ಮೂಗು ಮುರಿದೆ.

"ಅದು ಗೌರ್ಮೆಂಟ್ನೋರು ಕರೆದಿರೋದು. ಅವ್ರು ಕರ್ದಾಗ ಹೋಗ್ಬೇಕು, ಅದಕ್ಕೆ ದೋಷ ಇಲ್ಲ. ನೀನು ಹೋಗ್ತೀನಂತಿರೋದು ನಿನ್ನಿಷ್ಟಕ್ಕೆ. ಇಷ್ಟಪಟ್ಟು ಮಾಡೋ ಕೆಲ್ಸಕ್ಕೆ ಒಳ್ಳೆ ಟೈಮ್ ನೋಡ್ಬೇಕು ಕಣಮ್ಮ."

ಕೋಪ ಮಾಡಿಕೊಳ್ಳಲು ಹೋದರೆ ಆ ಮಾತಿನೊಳಗೆ ಪ್ರೀತಿ ಇತ್ತು, ಸುಮ್ಮನಿರಲು ಹೋದರೆ ಇನ್ನೊಂದು ವರ್ಷ ಕೈಬಿಟ್ಟು ಹೋಗುತ್ತಿತ್ತು. ಒಳಗೊಳಗೇ ನನಗೂ ಕಾಲೇಜೆಂದರೆ ಅಳುಕಿತ್ತು, ಹಾಗಾಗಿ ಸುಮ್ಮನಿರುವುದೇ ಸುಲಭವಾಗಿತ್ತು.

ಹೋದ ವರ್ಷ ಬೇಸಿಗೆ ಮುಗಿಯುವಾಗ ಒಬ್ಬರು ಮೇಷ್ಟ್ರು ದವಡೆ ಹಲ್ಲಿಗೆ ಬಂದರು. ಇಂಜೆಕ್ಷನ್ ಕೊಟ್ಟು ಅರ್ಧ ಬಾಯಿ ಮರಗಟ್ಟಿತ್ತು. ಮುಂದಿನ ಸಲ ಸಂಜೆ ಬನ್ನಿ ಎಂದರೆ, ಆಗುವುದಿಲ್ಲ, ತಾನು ದಂಡಿನ ಕಡೆ, ಶಿವಾಜಿನಗರದ ಒಂದು ಸಂಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದರು. ನನ್ನ ಕಿವಿ ನೆಟ್ಟಗಾಯಿತು. ಕೆಲಸ ಮಾಡುವವರೂ ಸೇರಬಹುದಾ, ವಯಸ್ಸಾದವರೂ ಬರುತ್ತಾರಾ ಎಂದು ಒಂದರ ಮೇಲೊಂದು ಕೇಳಿದೆ. ಅವರು ಕೆನ್ನೆ ಹಿಡಿದುಕೊಂಡು, "ಶೇರ್ಬೌದು ಮೇಡಂ. ಆದ್ರೆ ಈ ವರ್ಶದ್ದೇ ಕೊನೇ ಬ್ಯಾಚು. ಶಂಜೆ ಶೆಕ್ಷನ್ ಮುಚ್ತಾರೆ" ಎಂದರು. ಆ ಉಚ್ಚಾರಣೆಗೆ ನಗಬೇಕಿತ್ತು. ನಾನು ನಗುವುದನ್ನು ಬಿಟ್ಟು ಕಾಲೇಜಿನ ವಿಳಾಸ ಬರೆದುಕೊಂಡೆ. ಕೆಲಸ ಬಿಡದೆ, ಸಂಜೆ ಹೋಗಿ ಬೆಂಚಿನ ಮೇಲೆ ಕೂತು ಕಲಿಯುವ ಕಾಲೇಜು ನನ್ನ ಕೈಗೆಟುಕುವಲ್ಲಿ ಅದೊಂದೇ ಇತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ಕೇಳಿಸಿಕೊಂಡು ಉಳಿದ ಸೊಪ್ಪನ್ನೂ ಬಿಡಿಸಿ ಮುಗಿಸಿದರು. ಕಾಲೇಜಿನವರು ಅರ್ಜಿ ತೆಗೆದುಕೊಳ್ಳುವುದೇ ಆಷಾಢ ಹುಟ್ಟಿದ ಮೇಲೆ. ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಅವರೇ ಹೇಳಿದರು. "ಪರಸ್ತಾನ ಇಟ್ಬುಡಾಣ."

ಪಂಡಿತರು ಇದನ್ನು ಪ್ರಸ್ಥಾನ ಎನ್ನುತ್ತಾರೇನೋ, ನಮ್ಮ ಮನೆಯಲ್ಲಿ ಪರಸ್ತಾನ. ಪ್ರಯಾಣದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಬರುವ ಒಳ್ಳೆಯ ಗಳಿಗೆಯಲ್ಲಿ ನಿಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊರಟಿತೆಂದರೆ ನೀವೂ ಹೊರಟಂತೆಯೇ. ಆಮೇಲೆ ಕೆಟ್ಟ ದಿನ ಹೋದರೂ ಅದು ಹೊರಡುವುದಲ್ಲ, ಹೊರಟದ್ದನ್ನು ಮುಂದುವರಿಸುವುದು. ಅತ್ತೆಯ ಮಾವ ತಿರುಪತಿಗೆ ಹೀಗೇ ಹೋಗುತ್ತಿದ್ದರಂತೆ. "ಗಂಟು ಗೌಡ್ರ ಮನೇಲಿರೋದು, ನಮ್ಮಾವ ಇಲ್ಲೇ ಕೂತು ಮುದ್ದೆ ಉಣ್ಣೋರು. ಆದ್ರೂ ಅವ್ರು ದಾರೀಲವ್ರೆ ಅಂತ ಲೆಕ್ಕ." ಗಂಟು ಇಟ್ಟ ಮೇಲೆ ಇಷ್ಟು ದಿನದೊಳಗೆ ಹೊರಡಬೇಕೆಂಬ ನಿಯಮವೂ ಇದೆಯೆಂದು ಎಲ್ಲೋ ಕೇಳಿದ್ದೆ. ಆ ವಿಷಯವನ್ನು ನಾನು ಎತ್ತಲಿಲ್ಲ.

ಇನ್ನು ಯಾರ ಮನೆಯಲ್ಲಿ ಇಡುವುದು? ಎಡಗಡೆ ದಾಯಾದಿಗಳು. ಅವರ ಮನೆಯಲ್ಲಿಡುವುದಕ್ಕಿಂತ ಸೊಸೆ ಓದದಿರುವುದೇ ವಾಸಿ. ಬಲಗಡೆ ಗಾಜಿನ ಆಫೀಸು. ಅಲ್ಲಿ ಬ್ಯಾಗು ಇಟ್ಟು ಬಂದರೆ ಸೆಕ್ಯೂರಿಟಿಯವರು ಪೊಲೀಸರನ್ನೇ ಕರೆಸುತ್ತಾರೆ. ಕೊನೆಗೆ ಮೇಲಿನ ಮನೆಯ ಮಹಾದೇವಿಯ ಹತ್ತಿರ ಇಡುವುದೆಂದಾಯಿತು. ಮಹಾದೇವಿ ಕಲಬುರಗಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಆ ಗಾಜಿನ ಆಫೀಸಿನಲ್ಲೇ ಹೌಸ್‌ಕೀಪಿಂಗ್ ಕೆಲಸಕ್ಕಿದ್ದಾರೆ. ಒಂದು ಗುರುವಾರ ಬೆಳಿಗ್ಗೆ, ಮಗಳ ಹಳೆಯ ಬ್ಯಾಗಿಗೆ ನನ್ನ ಪಿಯುಸಿ ಅಂಕಪಟ್ಟಿ, ಒಂದು ಪೆನ್ನು, ರವಿಕೆ ಕಣ, ಅರಿಶಿನ ಹಚ್ಚಿದ ಅಕ್ಕಿ, ಒಂದು ಅಚ್ಚು ಬೆಲ್ಲ ತುಂಬಿ ಅತ್ತೆಯೇ ಮೆಟ್ಟಿಲು ಹತ್ತಿ ಕೊಟ್ಟು ಬಂದರು. ನಾನು ಲೆಕ್ಕಕ್ಕೆ ಕಾಲೇಜಿನ ದಾರಿಯಲ್ಲಿದ್ದೆ, ನಿಜದಲ್ಲಿ ಕೆಳಗೆ ಪಾತ್ರೆ ತೊಳೆಯುತ್ತಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಹಾದೇವಿ ನಮ್ಮ ಕರಿಬೇವಿನ ಕುಂಡದಿಂದ ಮಣ್ಣು ತೆಗೆದುಕೊಂಡು ಹೋಗಿ ಜೋಡೆತ್ತು ಮಾಡಿ, ನನ್ನ ಬ್ಯಾಗಿನ ಪಕ್ಕದಲ್ಲೇ ಕೂರಿಸಿ, ಎತ್ತಿನ ಜೊತೆ ಬ್ಯಾಗಿಗೂ ಕುಂಕುಮ ಇಟ್ಟಳು. ಮಾರನೆಯ ದಿನದಿಂದ ಆಷಾಢ. ಅರ್ಜಿ ಫೋನಿನಲ್ಲೇ ತುಂಬಬೇಕು, ಅಂಕಪಟ್ಟಿಯ ಫೋಟೋ ಹಾಕಬೇಕು. ಆದರೆ ಹೊರಟ ಗಂಟು ಮನೆಗೆ ಹಿಂದಿರುಗುವ ಹಾಗಿಲ್ಲ. ಹಾಗಾಗಿ ಮಗಳು ಮೇಲೆ ಹೋಗಿ, ಮಹಾದೇವಿಯ ಮನೆಯ ನೆಲದ ಮೇಲೇ ಅಂಕಪಟ್ಟಿ ಹಾಸಿ ಫೋಟೋ ತೆಗೆದಳು. "ಅಮ್ಮಾ, ಫೋಟೋದಲ್ಲಿ ಎತ್ತಿನ ಕೊಂಬು ಬಿದ್ದಿದೆ" ಎಂದು ಮೇಲಿಂದಲೇ ಕೂಗಿ ಇನ್ನೊಂದು ತೆಗೆದಳು. ಬೆಲ್ಲದ ವಾಸನೆಗೆ ಆ ಮನೆಗೆಲ್ಲ ಇರುವೆ ಹತ್ತಿದ್ದವು. ಮಹಾದೇವಿ ಬೇಸರಿಸದೆ ದಿನಾ ಅವನ್ನು ಗುಡಿಸಿ ಹಾಕಿದಳು.

ಸೀಟೂ ಸಿಕ್ಕಿತು, ಎಲ್ಲ ಸಸೂತ್ರವಾಗಿತ್ತು. ಮೂಲ ಅಂಕಪಟ್ಟಿ ತೋರಿಸಿ ಸೇರಿಕೊಳ್ಳಲು ಕೊನೆಯ ದಿನ ಶುಕ್ರವಾರ. ಗುರುವಾರ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ಹೊಸ ಡ್ರೈವರು ತಲೆ ಎತ್ತಿ ನೋಡಿ, "ಮೇಲ್ಗಡೆ ಬೇರೆಯವರ್ದಾ ಅಮ್ಮ?" ಎಂದು ಕೇಳಿದ.

"ಬೇರೇರ್ದು ಯಾಕಪ್ಪಾ ಆಯ್ತದೆ? ಕೆಳಗಿಂದ ಮೇಲ್ತಂಕ ನಮ್ದೇನೇ" ಎಂದರು ಅತ್ತೆ, ಎಂದಿನ ಗತ್ತಿನಲ್ಲಿ. ಹೇಳಿದವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ತಲೆ ಸುತ್ತಿತೇನೋ ಎಂದು ನಾನು ಓಡಿಬಂದೆ.

"ನನ್ನ ಬುದ್ಧಿಗೆ ಬೆಂಕಿ ಹಾಕ! ಮೇಲಿಂದೂ ನಮ್ಮನೇನೇ ಅಲ್ಲೇನಮ್ಮ? ನಮ್ಮನೆ ಬ್ಯಾಗು ನಮ್ಮನೇಲೇ ಐತೆ. ಎಲ್ಲೋಯ್ತು ಅದು? ಹೊರಟೇ ಇಲ್ಲ!"

ಟ್ಯಾಂಕರಿನ ಪೈಪು ಸಂಪಿನೊಳಕ್ಕೆ ನೀರು ಸುರಿಯುತ್ತಿತ್ತು. ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಕಿಟಕಿಯ ಹೊರಗೆ ನಿಂತ ಕಲೈಸೆಲ್ವಿ ನೆನಪಾದಳು. ಈ ಸಲವೂ ಹೋಯಿತು ಎನ್ನಿಸಿ, ಆ ಅನ್ನಿಸಿಕೆಯ ಮೇಲೆಯೇ ನನಗೆ ಸಿಟ್ಟು ಬಂತು.

"ಅತ್ತೆ, ನಾಳೆ ಕೊನೇ ದಿನ. ನಾನು ಹೋಗ್ತೀನಿ. ಪರಸ್ತಾನ ಆಗಿದ್ರೂ ಹೋಗ್ತೀನಿ, ಆಗ್ದಿದ್ರೂ ಹೋಗ್ತೀನಿ" ಎಂದೆ. ಅವರ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ಹಲ್ಲುಜ್ಜುತ್ತಿದ್ದ ಗಂಡ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೋಗ್ಬೇಡ ಅಂತ ನಾನ್ ಅಂದ್ನಾ? ಹೋದ ಕೆಲ್ಸ ಕೈಗೂಡ್ಲಿ, ಅರ್ಧಕ್ಕೆ ನಿಲ್ದಿರ್ಲಿ ಅಂತ ತಾನೇ ಇಷ್ಟ್ ಒದ್ದಾಡ್ತಿರೋದು?" ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು, ನಿರ್ಧಾರ ಮಾತ್ರ ಇಳಿಯಲಿಲ್ಲ.

ಆಗ ಮೇಲಿಂದ ದನಿ ಬಂತು. ಮಹಾದೇವಿ ಬಟ್ಟೆ ಒಣಹಾಕುತ್ತಾ ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮಾರ, ಮನಿ ನಿಮ್ದು ಹ್ಯಾಂಗ ಆಗ್ತದ್ರಿ? ಬಾಡಗಿ ತಗೊಂಡೀರಿಲ್ರಿ?"

"ತಗೊಂಡಿದ್ದೀನಿ ಕಣಮ್ಮ, ಆದ್ರೆ ಮನೆ ನಂದಲ್ವಾ?"

"ಗ್ವಾಡಿ ನಿಮ್ದ್ರಿ, ಮಾಳಗಿ ನಿಮ್ದು. ಮನಿ ನಮ್ದದ. ಒಳಗ ಒಲಿ ನಾ ಹಚ್ತೀನಿ, ದೀಪಾ ನಾ ಹಚ್ತೀನಿ, ನಮ್ಮ ದೇವ್ರು ಕುಂತಾನ. ನಿಮ್ಮ ಮನ್ಯಾಗ ನಮ್ಮ ದೇವ್ರು ಯಾಕ ಕುಂಡ್ರತಾನ್ರಿ? ಅಕ್ಕಾರ ಬ್ಯಾಗು ನಮ್ಮ ಮನ್ಯಾಗ ಅದ. ಹೊಂಟು ಹದಿನೈದು ದಿನ ಆಗಿರಬೇಕು."

ಟ್ಯಾಂಕರಿನವನು ಪೈಪು ಹಿಡಿದುಕೊಂಡೇ ಮೇಲೆ ನೋಡುತ್ತಿದ್ದ. ಒಂದು ಗೇಣು ಬೇಲಿಯನ್ನು ಯಾರಿಗೂ ಬಿಟ್ಟುಕೊಡದ ನಮ್ಮ ಅತ್ತೆ ತಲೆ ಎತ್ತಿ ಆ ಮನೆಯನ್ನೇ ನೋಡಿದರು, ತಾನೇ ಮುಂದೆ ನಿಂತು ಕಟ್ಟಿಸಿದ ಗೋಡೆ, ತಾರಸಿ, ತಾನೇ ಬಣ್ಣ ಆರಿಸಿದ ಕಿಟಕಿ. ಆಮೇಲೆ ನನ್ನ ಮುಖ ನೋಡಿದರು.

"ಆಯ್ತು ಬುಡಮ್ಮ. ಮನೆ ನಿಮ್ದೇನೇ" ಎಂದರು.

"ಹಂಗಾದ್ರ ಬಾಡಗಿ ಏರಸಂಗಿಲ್ಲಲ್ರಿ ಇನ್ನ?" ಎಂದಳು ಮಹಾದೇವಿ.

"ಅದ್ ಬೇರೆ, ಇದ್ ಬೇರೆ" ಎಂದು ಅತ್ತೆ ಎದ್ದು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವಾಗ ಮೇಲೆ ಹೋಗಿ ಮಹಾದೇವಿಯ ಕೈಯಿಂದ ಬ್ಯಾಗು ತೆಗೆದುಕೊಂಡೆ. ಅವಳು ಹೊಸ್ತಿಲಲ್ಲಿ ನಿಂತು, ತನ್ನ ಮನೆಯಿಂದ ಮಗಳನ್ನು ಕಳಿಸುವವಳ ಹಾಗೆ ನನ್ನ ಹಣೆಗೆ ಕುಂಕುಮ ಇಟ್ಟಳು. ಬ್ಯಾಗು ಹಿಡಿದು ಮತ್ತೆ ಒಳಗೆ ಬರಬಾರದೆಂದು ಅತ್ತೆ ನನ್ನನ್ನು ಗೇಟಿನ ಆಚೆಯೇ ನಿಲ್ಲಿಸಿ ಕಾಫಿ ತಂದುಕೊಟ್ಟರು. ನಮ್ಮ ಮನೆಯ ಮುಂದೆ ನಾನೇ ಬೀದಿಯಲ್ಲಿ ನಿಂತು ಕಾಫಿ ಕುಡಿಯುವುದನ್ನು ದಾಯಾದಿಗಳು ಬೇಲಿಯಾಚೆಯಿಂದ ನೋಡಿ ಏನೇನು ಅಂದುಕೊಂಡರೋ ಗೊತ್ತಿಲ್ಲ.

ಸಂಜೆ ಡಾಕ್ಟರಿಗೆ ಹೇಳಿ ಸ್ವಲ್ಪ ಬೇಗ ಹೊರಟು, ಶಿವಾಜಿನಗರದ ಬಸ್ಸು ಹಿಡಿದೆ. ಬಸ್ ಸ್ಟ್ಯಾಂಡಿನ ಗದ್ದಲ ದಾಟಿ, ಚಹಾದ ಹೋಟೆಲಿನ ಪಕ್ಕದ ಓಣಿ ಹಿಡಿದು ಹೋದರೆ ಹಳೆಯ ಕಲ್ಲಿನ ಕಟ್ಟಡ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಅಂಕಪಟ್ಟಿ ಬಿಚ್ಚಿದರು, ಒಳಗಿಂದ ನಾಲ್ಕಾರು ಇರುವೆಗಳು ಹೊರಟು ಅವರ ಮೇಜಿನ ಮೇಲೆ ಸಾಲಾಗಿ ನಡೆದವು. "ಸಾರಿ ಮೇಡಂ, ಬೆಲ್ಲ ಇತ್ತು" ಎಂದೆ. ಅವರು ನನ್ನ ಹಣೆಯ ಕುಂಕುಮ, ಬ್ಯಾಗಿನ ಕುಂಕುಮ ಎರಡನ್ನೂ ನೋಡಿ ಏನನ್ನೂ ಕೇಳದೆ ಇರುವೆ ಕೊಡವಿ ಸೀಲು ಒತ್ತಿದರು. ಬಿ.ಎ., ಚರಿತ್ರೆ. ಅಷ್ಟೇ. ಇಷ್ಟು ವರ್ಷ ಕಾದದ್ದು ಒಂದು ಸೀಲಿನ ಸದ್ದಿಗೆ ಮುಗಿದುಹೋಯಿತು. ಅಲ್ಲೇ ಯಾರನ್ನಾದರೂ ತಬ್ಬಿಕೊಳ್ಳಬೇಕೆನ್ನಿಸಿತು, ನನ್ನ ಹಿಂದೆ ಸಾಲಿನಲ್ಲಿದ್ದವರು ಒಬ್ಬ ದಪ್ಪ ಮೀಸೆಯ ಆಟೋ ಡ್ರೈವರು, ಹಾಗಾಗಿ ಸುಮ್ಮನಾದೆ.

"ಯಾವಾಗಿಂದ ಬರ್ತೀರಾ? ಕ್ಲಾಸ್ ಆಗ್ಲೇ ಶುರುವಾಗಿದೆ. ತುಂಬ ಜನ ಮುಂದಿನ ತಿಂಗಳಿಂದ ಬರ್ತೀವಿ ಅಂತ ಹೇಳಿ ಹೋಗಿದ್ದಾರೆ" ಎಂದರು ಅವರು.

"ಈಗ ಯಾವುದಾದ್ರೂ ಕ್ಲಾಸ್ ಇದೆಯಾ?"

"ಇದೆ. ಮೇಲೆ, ಎಡಗಡೆ ರೂಮು. ಇನ್ನೇನು ಶುರುವಾಗತ್ತೆ."

"ಹಾಗಾದ್ರೆ ಈಗಿಂದ" ಎಂದೆ.

ಮೆಟ್ಟಿಲು ಹತ್ತುತ್ತಾ ಮನೆಗೆ ಫೋನು ಮಾಡಿದೆ. "ಅತ್ತೆ, ಊಟಕ್ಕೆ ಕಾಯ್ಬೇಡಿ. ನನಗೆ ಕ್ಲಾಸ್ ಇದೆ" ಎಂದೆ. ಅವರು ಫೋನನ್ನು ಕಿವಿಯಿಂದ ತೆಗೆದು, ಗರುಡಾಚಾರ್‌ಪಾಳ್ಯದ ಬೀದಿಗೆಲ್ಲ ಕೇಳುವ ಹಾಗೆ ಮೇಲಕ್ಕೆ ಕೂಗಿದರು. "ಏ ಮಾದೇವೀ, ನಮ್ಮುಡ್ಗಿ ಕಾಲೇಜಲ್ಲವ್ಳಂತೆ ಕಣೇ!"

ನಾನು ಫೋನು ಆಫ್ ಮಾಡಿ, ಒಳಗೆ ಹೋಗಿ, ಮೊದಲನೇ ಬೆಂಚಿನಲ್ಲಿ ಕೂತೆ.